ಕಿಟಕಿ ಹಾಕಿ ಹೋಗ್ತಾರೆ, ಆಮೇಲೆ ನೋಡ್ಕೊಳ್ಳೋರು ಯಾರು?

ಅಂಕೋಲಾ ತಾಲೂಕಿನ ಅಳಗೇರಿಯಲ್ಲಿ ಆಗ್ಬೇಕಂತಿರೋ ಏರ್‌ಪೋರ್ಟ್ ಸುದ್ದಿ ಬಂದಾಗೆಲ್ಲ ನಮ್ಮ ಅಂಕೋಲೆ ಕಡೆ ಮಾತು ಒಂದೇ, ಗುಂಟೆಗೆ ಎಷ್ಟು ಕೊಡ್ತಾರೆ, ಯಾರಿಗೆ ಬಂತು, ಯಾರದ್ದು ಇನ್ನೂ ಬಾಕಿ. ಅದು ಸರಿಯೇ, ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ನಿರಾಶ್ರಿತರು ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದಿದ್ದನ್ನ ಕಣ್ಣಾರೆ ಕಂಡ ತಾಲೂಕು ಇದು, ದುಡ್ಡಿನ ಲೆಕ್ಕ ಮೊದಲು ಕೇಳ್ಲೇಬೇಕು. ಆದ್ರೆ ಜಾಗ ಹೋಗದೇ ಕಂಪೌಂಡಿನ ಈಚೆ ಉಳಿಯೋರು ಇದ್ದಾರಲ್ಲ, ಅಳಗೇರಿ ಭಾವಿಕೇರಿ ಬೇಲೆಕೇರಿ ಸುತ್ತಮುತ್ತ, ಅವರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಅವರಿಗೆ ಪರಿಹಾರನೂ ಇಲ್ಲ, ವಿಮಾನ ಮಾತ್ರ ತಲೆ ಮೇಲೆ. ಮೊನ್ನೆ ಈ ಮಾತು ತೆಗೆದಾಗ ಒಬ್ರು ಹೇಳಿದ್ರು, ಈಗ ಸೌಂಡ್‌ಪ್ರೂಫ್ ಕಿಟಕಿ ಬಂದಿದೆ ಮಾರಾಯಾ, ಅದನ್ನ ಹಾಕಿಸ್ಕೊಡಿ ಹೇಳಿ ಕೇಳಿದ್ರಾಯ್ತು, ಮುಗೀತು.

ಕೇಳ್ಬೇಕು ಖಂಡಿತ. ಮುಗಿಯೋದಿಲ್ಲ ಅನ್ನೋದನ್ನ ಹೇಳೋಕೇ ಇದನ್ನ ಬರೀತಿದ್ದೇನೆ.

ನಮ್ಮ ಅಕ್ಕ ಭಾವ ಇರೋದು ಗೋವಾದ ವಾಸ್ಕೋದಲ್ಲಿ. ಅಲ್ಲಿನ ದಾಬೋಲಿಂ ಏರ್‌ಪೋರ್ಟ್ ಅಂದ್ರೆ ನಮ್ಮ ಅಳಗೇರಿಯಲ್ಲಿ ಆಗ್ಬೇಕಂತಿರೋ ಥರದ್ದೇ, ನೌಕಾಪಡೆಯ ವಿಮಾನ ನೆಲೆ, ಅದರಲ್ಲೇ ಒಂದು ಕಡೆ ಜನರ ಏರ್‌ಪೋರ್ಟ್. ಗೋವಾದ್ದೇ ಇನ್ನೊಂದು ಏರ್‌ಪೋರ್ಟ್ ಮೋಪಾ 2023ರಲ್ಲಿ ಶುರುವಾದ ಮೇಲೂ ಇಲ್ಲಿ ಪ್ಯಾಸೆಂಜರ್ ವಿಮಾನ ಇವೆ, ಜೊತೆಗೆ ನೌಕಾಪಡೆಯ ಮಿಗ್-29ಕೆ ಯುದ್ಧವಿಮಾನ. ಮಿಗ್ ಏಳುವಾಗ ಫೋನಲ್ಲಿ ಅಕ್ಕ "ತಡಿ ತಮ್ಮಾ" ಅಂತಾಳೆ, ಆಮೇಲೆ ಇಬ್ರೂ ಸುಮ್ನೆ ಕಾಯೋದು. ಭಾವ ಕೈಯಿಂದ ಒಳ್ಳೇ ದುಡ್ಡು ಹಾಕಿ ಬೆಡ್‌ರೂಮಿಗೂ ಹಾಲಿಗೂ ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನ ಡಬಲ್ ಗ್ಲಾಸ್ ಕಿಟಕಿ ಕೂರಿಸಿದ್ರು. ಮೊದಲೆರಡು ವರ್ಷ ನಿಜವಾಗ್ಲೂ ಚೆನ್ನಾಗಿತ್ತು, ಮಗು ಮಧ್ಯಾಹ್ನ ಮಲಗ್ತಿತ್ತು.

ಈಗ ಹೋಗಿ ನೋಡಿದ್ರೆ ಬೆಡ್‌ರೂಮ್ ಕಿಟಕಿ ಹಾಲು ಬಳಿದ ಹಾಗೆ ಮಂಜು ಮಂಜು. ಅಕ್ಕ ಒಳಗಿಂದ ಒರೆಸ್ತಾಳೆ, ಭಾವ ಹೊರಗಿಂದ ಒರೆಸ್ತಾರೆ, ಹೋಗೋದಿಲ್ಲ, ಯಾಕಂದ್ರೆ ಅದು ಎರಡು ಗಾಜಿನ ನಡುವೆ ಇರೋದು. ಕೆಳಗಿನ ಅಂಚಲ್ಲಿ ಅಲ್ಯೂಮಿನಿಯಂ ಪಟ್ಟಿ ಮೇಲೆ ಸಣ್ಣ ಸಣ್ಣ ನೀರಿನ ಹನಿ ಸಾಲಾಗಿ ಕೂತಿವೆ, ಬೆರಳಿಗೆ ಸಿಗೋದಿಲ್ಲ. ಹ್ಯಾಂಡಲಿನ ಸ್ಕ್ರೂ ತುಕ್ಕು ಹಿಡಿದು ಕೆಂಪು ನೀರು ಇಳಿದಿದೆ. ಸುತ್ತಲಿನ ಕಪ್ಪು ರಬ್ಬರ್ ಒಣಗಿ ಗಟ್ಟಿಯಾಗಿ ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಉಗುರು ತಾಗಿಸಿದ್ರೆ ಪುಡಿ ಉದುರ್ತದೆ. ಹಾಕಿಕೊಟ್ಟ ಅಂಗಡಿಯವರು ವಾರಂಟಿ ಗಾಜಿಗೆ ಮಾತ್ರ, ಗಾಜು ಒಡೆದಿಲ್ವಲ್ಲ ಅಂದ್ರಂತೆ, ಆಮೇಲೆ ಫೋನೇ ಎತ್ತೋದಿಲ್ಲ.

ಇದು ಹೇಗಾಗ್ತದೆ ಅಂದ್ರೆ, ಎರಡು ಗಾಜಿನ ನಡುವೆ ಅಂಚಿಗೆ ಒಂದು ಪಟ್ಟಿ ಇರ್ತದೆ, ಸ್ಪೇಸರ್ ಅಂತಾರೆ, ಅದರ ಹೊಟ್ಟೆಯೊಳಗೆ ತೇವ ಹೀರೋ ಹರಳು ತುಂಬಿರ್ತಾರೆ, ಹೊರಗಿಂದ ಬ್ಯೂಟೈಲ್ ಮತ್ತೆ ಸಿಲಿಕೋನ್ ಥರದ ಅಂಟಿಂದ ಸೀಲ್ ಮಾಡ್ತಾರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ತದೆ, ರಾತ್ರಿ ಕುಗ್ತದೆ, ದಿನಾ ಇದೇ ಎಳೆದಾಟದಲ್ಲಿ ಅಂಟು ಬಿಡ್ತಾ ಬರ್ತದೆ. ಫ್ರೇಮಿನ ಕೆಳಗೆ ನೀರು ಹೋಗೋಕೆ ಇಟ್ಟ ಸಣ್ಣ ತೂತಿಗೆ ಧೂಳು ಉಪ್ಪು ಕಟ್ಟಿದ್ರಂತೂ ಮಳೆಗಾಲ ಪೂರ್ತಿ ಗಾಜಿನ ಅಂಚು ನೀರಲ್ಲೇ ನಿಂತಿರ್ತದೆ. ಒಮ್ಮೆ ತೇವ ಒಳಗೆ ಸೇರಿ ಆ ಹರಳಿನ ಶಕ್ತಿ ಮುಗೀತು ಅಂದ್ರೆ ಮಂಜು ಕಟ್ಟೋಕೆ ಶುರು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಮೇಲಿಂದ ಉಪ್ಪು ಗಾಳಿ. ಒಣ ಹವೆಯ ಊರಲ್ಲಿ ಬಾಳಿದಷ್ಟು ವರ್ಷ ಇಲ್ಲೂ ಬಾಳ್ತದೆ ಹೇಳಿ ಕಂಪನಿಯವರ ಮಾತು ನಂಬೋ ಹಾಗಿಲ್ಲ.

ಒಂದು ವಿಷಯ ಜನಕ್ಕೆ ಗೊತ್ತಿಲ್ಲ, ಮಂಜು ಕಟ್ಟಿದ್ದಕ್ಕೇ ಶಬ್ದ ಜಾಸ್ತಿ ಒಳಗೆ ಬರೋದಲ್ಲ. ಶಬ್ದ ಬರೋದು ಸಂದಿಯಿಂದ, ಅಂದ್ರೆ ಆ ಸತ್ತ ರಬ್ಬರಿನಿಂದ, ಜೋತು ಬಿದ್ದ ಬಾಗಿಲಿನಿಂದ. ಕಿಟಕಿಯ ನೂರರಲ್ಲಿ ಒಂದು ಭಾಗ ಸಂದಿ ಇದ್ರೆ ಸಾಕು, ಎಂಥಾ ದಪ್ಪ ಗಾಜಿದ್ರೂ ತಡೆಯೋದು 20 ಡೆಸಿಬಲ್ (ಶಬ್ದದ ಅಳತೆ) ಆಸುಪಾಸಿಗೆ ನಿಂತುಬಿಡ್ತದೆ. 40 ಡೆಸಿಬಲ್ ತಡೆಯೋ ಕಿಟಕಿಗೆ ದುಡ್ಡು ಕೊಟ್ಟಿರ್ತೀರಿ, ಸಿಕ್ಕೋದು 20, ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾದ್ರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸ್ತದೆ, ಅಂದ್ರೆ 20ಕ್ಕೆ ನಾಲ್ಕು ಪಟ್ಟು. ಮನೆಯಲ್ಲಿ ಇಂಥ ಕಿಟಕಿ ಇದ್ದೋರು ಒಂದು ಕಾಗದದ ಚೀಟಿ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ, ಆರಾಮಾಗಿ ಜಾರಿ ಬಂದ್ರೆ ಅಲ್ಲಿ ರಬ್ಬರ್ ಹಿಡೀತಿಲ್ಲ. ಭಾವ ಹಾಗೇ ಸುತ್ತ ಎಲ್ಲ ಕಡೆ ನೋಡಿದ್ರು, ಹಿಂಜ್ ಕಡೆ ಮೇಲಿನ ಮೂಲೆ ಪೂರ್ತಿ ಸಡಿಲ. ಅಲ್ಲಿಗೆ ಅಕ್ಕ ಹಳೇ ಲುಂಗಿ ಮಡಚಿ ತುರುಕಿದ್ದಾಳೆ, ಅಷ್ಟಕ್ಕೇ ಒಳಗೆ ವ್ಯತ್ಯಾಸ ಗೊತ್ತಾಗ್ತದೆ. ಬರೀ ರಬ್ಬರ್ ಬದಲಿಸಿ ಹಿಂಜ್ ಬಿಗಿ ಮಾಡಿದ್ರೆ ಅರ್ಧ ರೋಗ ಹೋಗ್ತದೆ, ಫ್ರೇಮ್ ಇಟ್ಕೊಂಡು ಗಾಜಿನ ಜೋಡಿ ಮಾತ್ರ ಬದಲಿಸೋಕೂ ಬರ್ತದೆ, ಆದ್ರೆ ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಬರೋದಿಲ್ಲ.

ಇದು ಗೋವಾದ ಒಂದು ಮನೆ ಕಥೆ ಮಾತ್ರ ಆಗಿದ್ರೆ ಇಷ್ಟು ಬರೀತಿರ್ಲಿಲ್ಲ. ಅಮೇರಿಕಾದ ಸಿಯಾಟಲ್‌ನಲ್ಲಿ ಸೀ-ಟ್ಯಾಕ್ ಏರ್‌ಪೋರ್ಟ್ ಸುತ್ತ 1985ರಿಂದ ಆ ಏರ್‌ಪೋರ್ಟ್ ನಡೆಸೋ ಸರ್ಕಾರಿ ಬಂದರು ಸಂಸ್ಥೆಯೇ ಮನೆಗಳಿಗೆ ಶಬ್ದ ತಡೆಯೋ ಕಿಟಕಿ ಬಾಗಿಲು ಹಾಕಿಸ್ತಾ ಬಂತು, 9000ಕ್ಕಿಂತ ಹೆಚ್ಚು ಮನೆಗೆ. ವರ್ಷ ಕಳೆದ ಹಾಗೆ ಅದೇ ತೊಂದರೆ, ಗಾಜಿನ ನಡುವೆ ನೀರು, ಬೂಸ್ಟು, ತೆಗೆಯೋಕೆ ಬಾರದ ಕಿಟಕಿ. ಜನ ಕೇಳೋಕೆ ಹೋದ್ರೆ ಅಲ್ಲಿನ ಕೇಂದ್ರ ಸರ್ಕಾರದ ದುಡ್ಡು ಒಂದು ಮನೆಗೆ ಒಂದೇ ಸಲ, ಎರಡನೇ ಸಲ ಇಲ್ಲ. ಹಾಗಾಗಿ ಮನೆಯೋರ ಕೈಯಲ್ಲಿ ಕೆಟ್ಟ ಕಿಟಕಿ ಉಳೀತು, ಮೇಲಿಂದ 2008ರಲ್ಲಿ ಮೂರನೇ ರನ್‌ವೇ. ಎಷ್ಟೋ ವರ್ಷ ಜಗಳಾಡಿದ ಮೇಲೆ ಅಮೇರಿಕಾದ 2024ರ ವಿಮಾನಯಾನ ಕಾಯ್ದೆಯಲ್ಲಿ ಹಳೇ ಕಿಟಕಿ ಬದಲಿಸೋಕೂ ದಾರಿ ಮಾಡಿದ್ರು. ಶಿಕಾಗೋದಲ್ಲಿ ಮಿಡ್‌ವೇ ಏರ್‌ಪೋರ್ಟ್ ಸುತ್ತ ಇನ್ನೊಂದು ಥರ, ಹೀಗೇ ಹಾಕಿಸಿಕೊಟ್ಟ ಕಿಟಕಿಗಳು ಬಿಸಿಲು ಬಿದ್ರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಿಡೋಕೆ ಶುರುವಾದ್ವು. ಅಷ್ಟು ದುಡ್ಡಿರೋ ದೇಶದಲ್ಲೇ ಕಿಟಕಿ ಹಾಕಿದ ಮೇಲೆ ಜನ ಇಷ್ಟು ಅನುಭವಿಸಿದ್ರು.

ನಮ್ಮಲ್ಲಿ ಕಿಟಕಿ ಕೊಡೋ ನಿಯಮನೇ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಜನವಸತಿಗೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಇದೆ. 2018ರಲ್ಲಿ ಏರ್‌ಪೋರ್ಟ್ ಸುತ್ತಲಿನ ಜಾಗಕ್ಕೆ ಬೇರೆ ಅಳತೆ ಮಾಡಿದ್ರು, ವಿಮಾನ ದಟ್ಟಣೆ ಇರೋ ಏರ್‌ಪೋರ್ಟ್ ಆದ್ರೆ ಹಗಲು 70 ರಾತ್ರಿ 65, ಅದರಲ್ಲಿ ರಕ್ಷಣಾ ಪಡೆಯ ವಿಮಾನ ಲೆಕ್ಕಕ್ಕೇ ಇಲ್ಲ. ನಮ್ಮ ಅಳಗೇರಿಯಲ್ಲಿ ಮುಖ್ಯವಾಗಿ ಬರೋದೇ ನೌಕಾಪಡೆ, ಹಾಗಾದ್ರೆ ನಾವು ಯಾವ ನಿಯಮ ಹಿಡ್ಕೊಂಡು ಯಾರ ಹತ್ರ ಹೋಗ್ಬೇಕು? ನನಗೆ ಇದು ನಿಜವಾಗ್ಲೂ ಚಿಂತೆ ಆಗಿದೆ.

ಇನ್ನು ನಮ್ಮ ಮನೆಗಳು. ಹೆಚ್ಚಿನವು ಹಂಚಿನ ಮಾಡು, ರೀಪು ಪಕಾಸಿನ ಮೇಲೆ ಹಂಚು ಹೊದೆಸಿದ್ದು, ಗೋಡೆಗೂ ಮಾಡಿಗೂ ನಡುವೆ ಕೈ ಹೋಗೋವಷ್ಟು ಜಾಗ, ಅದರಿಂದಲೇ ಮನೆಗೆ ಗಾಳಿ. ವಿಮಾನದ ಶಬ್ದ ಬರೋದು ಮೇಲಿಂದ. ಅಂಥ ಮನೆಗೆ ಎಂಥಾ ಕಿಟಕಿ ಕೂರಿಸಿದ್ರೂ ಉಪಯೋಗ ಇಲ್ಲ, ಮೊದಲು ಸೀಲಿಂಗ್ ಹಾಕಿ ಮೇಲೆ ಗ್ಲಾಸ್‌ವೂಲ್ ಥರದ್ದು ಹಾಸ್ಬೇಕು. ಹಾಗೆ ಎಲ್ಲ ಮುಚ್ಚಿದ ಮೇಲೆ ಒಳಗೆ ಗಾಳಿ ಬರೋಕೆ ಬೇರೆ ವ್ಯವಸ್ಥೆ ಬೇಕು, ಇಲ್ಲಾಂದ್ರೆ ಆಷಾಢದಲ್ಲಿ ಬಟ್ಟೆಗೂ ಗೋಡೆಗೂ ಬೂಸ್ಟು, ಏಪ್ರಿಲ್ ಮೇ ಸೆಖೆಯಲ್ಲಿ ಒಳಗೆ ಕೂರೋಕೇ ಆಗೋದಿಲ್ಲ. ಫ್ಯಾನು ಎಸಿ ಅಂದ್ರೆ ಕರೆಂಟ್ ಬಿಲ್ಲು, ಮೀನು ಮಾರಿ ಬದುಕೋ ಮನೆಯವರು ಅದನ್ನ ಎಲ್ಲಿಂದ ಕಟ್ಟೋದು? ಕಿಟಕಿ ತೆರೆದ್ರೆ ವಿಮಾನ, ಮುಚ್ಚಿದ್ರೆ ಸೆಖೆ, ಇದನ್ನ ಯೋಚನೆ ಮಾಡ್ದೇ ಕಿಟಕಿ ಕೊಟ್ಟು ಹೋದ್ರೆ ಜನ ತೆರೆದೇ ಇಡ್ತಾರೆ.

ಹಾಗಾಗಿ ನಾವು ಕೆಲವರು ಸೇರಿ ಅರ್ಜಿ ಬರೀತಿದ್ದೇವೆ. ವಿಮಾನ ಹಾರೋಕೆ ಶುರುವಾಗೋ ಮುಂಚೆನೇ ಈಗಿನ ಶಬ್ದ ಅಳೆದು ದಾಖಲೆ ಮಾಡ್ಬೇಕು, ಹಗಲೂ ರಾತ್ರಿಯೂ, ಮಳೆಗಾಲದಲ್ಲೂ ಬೇಸಿಗೆಯಲ್ಲೂ, ಇಲ್ಲಾಂದ್ರೆ ನಾಳೆ "ಮೊದಲೂ ಹೀಗೇ ಇತ್ತು" ಅಂದ್ರೆ ನಮ್ಮ ಹತ್ರ ಉತ್ತರ ಇರೋದಿಲ್ಲ. ಕಿಟಕಿ ಕೊಡೋದಾದ್ರೆ ಮಾಡು, ಗಾಳಿ, ಕರೆಂಟ್ ಎಲ್ಲ ಸೇರಿಸಿ ಕೊಡ್ಬೇಕು, ರಬ್ಬರ್ ಹಿಂಜ್ ಇವುಗಳ ರಿಪೇರಿ ಮತ್ತೆ ಗಾಜು ಬದಲಿಸೋದು ಯಾರ ಖರ್ಚು, ಎಷ್ಟು ವರ್ಷಕ್ಕೆ, ಹಾಕಿದ ಕಂಪನಿ ಮುಚ್ಚಿದ್ರೆ ಯಾರು ಹೊಣೆ, ಇಷ್ಟೂ ಕಾಗದದಲ್ಲಿ ಬರ್ಬೇಕು. ಭಾವಿಕೇರಿ, ಬೇಲೆಕೇರಿ, ಅಳಗೇರಿ ಕಡೆ ಮನೆ ಇದ್ದೋರು ನಿಮ್ಮ ಮಾಡು ಹಂಚಿಂದಾ ಸ್ಲ್ಯಾಬಾ, ಕಿಟಕಿ ಎಷ್ಟು, ಮನೆಯಲ್ಲಿ ಸಣ್ಣ ಮಕ್ಕಳು ವಯಸ್ಸಾದೋರು ಯಾರಿದ್ದಾರೆ ಅನ್ನೋದನ್ನ ಬರೆದು ಕೊಡಿ, ಅರ್ಜಿ ಜೊತೆಗೆ ಲಗತ್ತಿಸ್ತೇವೆ.