ಪಿತ್ತನಾಳದ ಕ್ಯಾನ್ಸರ್ ಇಷ್ಟು ಬೇಗ ಹೇಗೆ ಹರಡುತ್ತದೆ?

"ಮೊನ್ನೆ ಮೊನ್ನೆವರೆಗೂ ಚೆನ್ನಾಗಿದ್ದರು. ಕಾಮಾಲೆ ಅಂತ ತೋರಿಸೋಕೆ ಹೋದರೆ ಪಿತ್ತನಾಳದ ಕ್ಯಾನ್ಸರ್ ಅಂದರು, ಆಗಲೇ ಹರಡಿದೆಯಂತೆ. ಇಷ್ಟು ಬೇಗ ಹೇಗೆ?" ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು ಅಂತ ಗೊತ್ತಾದ ಮೇಲೆ ಜನ ಕೇಳುವ ಪ್ರಶ್ನೆ ಇದು. ಜೊತೆಗೆ ವಾಟ್ಸಾಪ್‌ನಲ್ಲಿ ರಿಪೋರ್ಟ್‌ನ ಫೋಟೋ ಬರುತ್ತದೆ. ಅದರಲ್ಲಿ ಎಫ್‌ಜಿಎಫ್‌ಆರ್2 ಅಂತ ಇದ್ದರೆ ಅದೇನು ಅನ್ನೋದು ಎರಡನೇ ಪ್ರಶ್ನೆ.

ಮೊದಲು ಈ 'ಬೇಗ' ಅನ್ನುವುದನ್ನು ನೋಡೋಣ. ಲಿವರ್ ಒಳಗಿನ ಸಣ್ಣ ನಾಳದಲ್ಲಿ ಗಡ್ಡೆ ಹುಟ್ಟಿದರೆ ಉಳಿದ ನಾಳಗಳು ಪಿತ್ತವನ್ನು ಸಾಗಿಸುತ್ತಲೇ ಇರುತ್ತವೆ. ಕಣ್ಣು ಹಳದಿಯಾಗುವುದಿಲ್ಲ, ಹೊಟ್ಟೆ ನೋಯುವುದಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಅದು ಸದ್ದಿಲ್ಲದೆ ಬಹಳ ಕಾಲ ಬೆಳೆದಿರುತ್ತದೆ. ಆದರೆ ಹರಡುವ ಸ್ವಭಾವವೂ ಇದಕ್ಕೆ ಜಾಸ್ತಿ, ಅದು ನಿಜ. ಅದರ ಹಿಂದೆ ರಿಸೆಪ್ಟರ್‌ಗಳ ಕೈವಾಡ ದೊಡ್ಡದು.

ರಿಸೆಪ್ಟರ್ ಅಂದರೆ ಜೀವಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್. ಒಂದು ತುದಿ ಹೊರಗೆ, ಇನ್ನೊಂದು ಒಳಗೆ. 'ಬೆಳಿ' ಅನ್ನುವ ಸಂದೇಶ ಹೊತ್ತ ಪ್ರೋಟೀನ್ ಹೊರಗಿನ ತುದಿಗೆ ಬಂದು ಅಂಟಿದಾಗ ಎರಡು ರಿಸೆಪ್ಟರ್‌ಗಳು ಜೋಡಿಯಾಗುತ್ತವೆ. ಒಳಗಿನ ತುದಿಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸಂದೇಶ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಮುಟ್ಟುತ್ತದೆ. ಆರೋಗ್ಯವಂತ ಕೋಶದಲ್ಲಿ ಕೆಲಸ ಮುಗಿದ ಮೇಲೆ ಇದೆಲ್ಲ ನಿಂತುಹೋಗುತ್ತದೆ.

ಎಫ್‌ಜಿಎಫ್‌ಆರ್2 ಅಂಥದ್ದೇ ಒಂದು ರಿಸೆಪ್ಟರ್. ಲಿವರ್ ಒಳಗಿನ ಪಿತ್ತನಾಳದ ಕ್ಯಾನ್ಸರ್ ಇರುವ ನೂರರಲ್ಲಿ ಸುಮಾರು 10ರಿಂದ 15 ಜನರಲ್ಲಿ ಇದರ ಜೀನ್ ತುಂಡಾಗಿ, ಬಿಐಸಿಸಿ1ನಂಥ ಬೇರೊಂದು ಜೀನ್‌ನ ಬಾಲ ಅದಕ್ಕೆ ಅಂಟಿಕೊಂಡಿರುತ್ತದೆ. ಈ ಹೊಸ ಬಾಲಗಳು ತಮ್ಮಷ್ಟಕ್ಕೆ ಜೋಡಿಯಾಗುತ್ತವೆ. ಹೊರಗಿಂದ ಯಾರೂ ಏನೂ ಹೇಳಬೇಕಿಲ್ಲ. ಒತ್ತಿದ ಕಾಲಿಂಗ್ ಬೆಲ್ ಸ್ವಿಚ್ ಮೇಲೇಳದೆ ಸಿಕ್ಕಿಕೊಂಡ ಹಾಗೆ, ಬೆಳೆಯುವ ಸಂದೇಶ ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ.

ಇದು ಬೆಳೆಯುವ ಮಾತಾಯಿತು. ಜಾಗ ಬಿಟ್ಟು ಹೊರಡಲು ಬೇರೆ ರಿಸೆಪ್ಟರ್‌ಗಳೂ ಕೈಜೋಡಿಸುತ್ತವೆ. ಈ ಗಡ್ಡೆ ಮುಟ್ಟಿದರೆ ಗಟ್ಟಿ, ಯಾಕೆಂದರೆ ಕ್ಯಾನ್ಸರ್ ಕೋಶಗಳ ಸುತ್ತ ನಾರಿನ ಅಂಶ ದಟ್ಟವಾಗಿರುತ್ತದೆ. ಆ ನಾರು ತಯಾರಿಸುವ ಕೋಶಗಳು ಸಿಎಕ್ಸ್‌ಸಿಎಲ್12 ಅನ್ನುವ ಪ್ರೋಟೀನ್ ಬಿಡುತ್ತವೆ. ಅದನ್ನು ಹಿಡಿಯುವ ಸಿಎಕ್ಸ್‌ಸಿಆರ್4 ರಿಸೆಪ್ಟರ್ ಇರುವ ಕ್ಯಾನ್ಸರ್ ಕೋಶ ಅದು ಬರುವ ದಿಕ್ಕಿಗೇ ತೆವಳುತ್ತದೆ. ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಎಸ್1ಪಿಆರ್2 ವಿಷಯ. ನಮ್ಮ ಊಟ ಅರಗಿಸುವ ಪಿತ್ತದಲ್ಲಿರುವ ಆಮ್ಲಗಳೇ ಈ ರಿಸೆಪ್ಟರ್‌ಗೆ ಅಂಟಿ ಕೋಶಗಳನ್ನು ಮುನ್ನುಗ್ಗಿಸುತ್ತವೆ ಅಂತ ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡಿದೆ. ನಾಳ ಕಟ್ಟಿಕೊಂಡರೆ ಪಿತ್ತ ಅಲ್ಲೇ ನಿಲ್ಲುತ್ತದೆ, ಅಲ್ವಾ?

ಮೈಕ್ರೋಸ್ಕೋಪ್ ಕೆಳಗೆ ಇದರ ಫಲ ಕಾಣುತ್ತದೆ. ತಿಳಿಗುಲಾಬಿ ಬಣ್ಣದ ಒಂದು ನರ, ಅದರ ಸುತ್ತ ನೇರಳೆ ಬಣ್ಣದ ಕ್ಯಾನ್ಸರ್ ಕೋಶಗಳ ಉಂಗುರ. ಗಡ್ಡೆಯ ಅಂಚು ಮುಗಿಯಿತು ಅಂದುಕೊಂಡ ಕಡೆಯೂ ನರದ ಗುಂಟ ಅವು ಮುಂದೆ ಹೋಗಿರುತ್ತವೆ. ಸರ್ಜನ್ ಕಣ್ಣಿಗೆ ಅದು ಬೀಳುವುದಿಲ್ಲ.

ಎಲ್ಲರಲ್ಲೂ ಒಂದೇ ರಿಸೆಪ್ಟರ್ ಕೆಟ್ಟಿರುವುದಿಲ್ಲ. ಈಶಾನ್ಯ ಥೈಲ್ಯಾಂಡ್‌ನಲ್ಲಿ ಹಸಿ ಮೀನಿನಿಂದ ಲಿವರ್ ಸೇರುವ ಹುಳ ಈ ಕ್ಯಾನ್ಸರ್‌ಗೆ ದೊಡ್ಡ ಕಾರಣ. ಅಂಥ ಗಡ್ಡೆಗಳಲ್ಲಿ ಹರ್2 ಅನ್ನುವ ಇನ್ನೊಂದು ರಿಸೆಪ್ಟರ್ ಹೆಚ್ಚಿರುವುದು ಜಾಸ್ತಿ, ಎಫ್‌ಜಿಎಫ್‌ಆರ್2 ತೊಂದರೆ ಕಡಿಮೆ. ಅದಕ್ಕೇ 'ಪಿತ್ತನಾಳದ ಕ್ಯಾನ್ಸರ್' ಅನ್ನುವ ಹೆಸರೊಂದೇ ಸಾಲದು. ಯಾವ ರಿಸೆಪ್ಟರ್ ಕೆಟ್ಟಿದೆ ಅನ್ನುವುದೂ ಗೊತ್ತಾಗಬೇಕು.

ಯಾಕೆಂದರೆ ಕೆಲವಕ್ಕೆ ಮಾತ್ರೆ ಇದೆ. ಎಫ್‌ಜಿಎಫ್‌ಆರ್2 ಜೋಡಣೆ, ಅಂದರೆ ಆ ಜೀನ್‌ಗೆ ಬೇರೊಂದು ಜೀನ್‌ನ ಬಾಲ ಅಂಟಿಕೊಂಡಿರುವುದು, ಇರುವವರಿಗೆ ಪೆಮಿಗ್ಯಾಟಿನಿಬ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಬೇರೆ ಚಿಕಿತ್ಸೆ ಪಡೆದಿದ್ದ 107 ಜನರಲ್ಲಿ 38 ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತ್ತು. ಹರ್2 ಜಾಸ್ತಿ ಇರುವವರಿಗೆ ಜಾನಿಡಾಟಮ್ಯಾಬ್ ಇಂಜೆಕ್ಷನ್ ಅಲ್ಲಿ 2024ರಲ್ಲಿ ಬಂತು. ಇವು ಕಾಯಿಲೆಯನ್ನು ಬೇರುಸಮೇತ ಕಿತ್ತುಹಾಕುತ್ತವೆ ಅಂತ ನಾನು ಹೇಳುವುದಿಲ್ಲ. ಮಾತ್ರೆ ಕೂರುವ ಜಾಗವನ್ನೇ ರಿಸೆಪ್ಟರ್ ಬದಲಾಯಿಸಿಕೊಂಡು ಗಡ್ಡೆ ಮತ್ತೆ ಬೆಳೆಯುವುದುಂಟು. ಪೆಮಿಗ್ಯಾಟಿನಿಬ್‌ನಿಂದ ರಕ್ತದಲ್ಲಿ ಫಾಸ್ಫೇಟ್ ಏರುವುದೂ ಮಾಮೂಲು, ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು. ಆದರೂ ಹರಡಿದ ಕಾಯಿಲೆಯಲ್ಲಿ ಇನ್ನೊಂದಿಷ್ಟು ತಿಂಗಳು ಸಿಗುವುದು ಸಣ್ಣ ಮಾತಲ್ಲ.

ಕಾಮಾಲೆ ಅಂತ ಸುಮ್ನೆ ನಾಟಿ ಔಷಧಿಯಲ್ಲೇ ವಾರಗಟ್ಟಲೆ ಕಳೆಯಬೇಡಿ. ಮೂತ್ರ ಗಾಢ ಹಳದಿ, ಮಲ ಬಿಳಿಚು, ಮೈಯೆಲ್ಲ ತುರಿಕೆ ಅಂದರೆ ಸ್ಕ್ಯಾನ್ ಆಗಲೇಬೇಕು. ಬಯಾಪ್ಸಿ ಮಾಡುವಾಗಲೇ ಜೀನ್ ಪರೀಕ್ಷೆಗೂ ಸಾಕಾಗುವಷ್ಟು ತುಣುಕು ತೆಗೆಯುತ್ತೀರಾ ಅಂತ ಡಾಕ್ಟರನ್ನು ಕೇಳಿ. ನಾಳದೊಳಗೆ ಬ್ರಷ್ ಹಾಕಿ ತೆಗೆದ ಕೋಶಗಳು ಎಷ್ಟೋ ಸಲ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವುದಕ್ಕೂ ಸಾಲುವುದಿಲ್ಲ. ಬಯಾಪ್ಸಿ ಈಗಾಗಲೇ ಆಗಿದ್ದರೆ ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಲ್ಯಾಬ್‌ನಲ್ಲಿ ಇನ್ನೂ ಇರಬಹುದು. ಅದನ್ನು ಕೇಳಿ ಪಡೆದು ಪರೀಕ್ಷೆಗೆ ಕಳಿಸಬಹುದು. ಜೀನ್ ಜೋಡಣೆ ಹುಡುಕಲು ಆರ್‌ಎನ್‌ಎ ಪರೀಕ್ಷೆಯೂ ಸೇರಿದೆಯಾ ಅಂತ ಕೇಳಿಕೊಳ್ಳಿ, ಬರೀ ರಕ್ತ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದು.