ಇಬ್ಬರೇ ಕಡಲಿಗೆ ಹೋಗ್ತೀರಲ್ಲ, ಭಯ ಆಗಲ್ವಾ?

ಮದುವೆ ಮನೆ ಇರಲಿ, ಮೀನು ಮಾರ್ಕೆಟ್ ಇರಲಿ, ನಾವು ಹಾಯಿದೋಣಿಯವರು ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದೊಂದೇ. ಕೇಳುವುದು ನನ್ನನ್ನೇ. ನನ್ನ ಗಂಡನನ್ನು ಯಾರೂ ಕೇಳುವುದಿಲ್ಲ.

ಆಗುತ್ತದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ದಡದಿಂದ ದೂರ ಹೋದಷ್ಟೂ ಭಯ, ಹತ್ತಿರ ಬಂದಷ್ಟೂ ಸಮಾಧಾನ ಅಂತ ಎಲ್ಲರ ಲೆಕ್ಕ. ನಮಗೆ ಅದು ಉಲ್ಟಾ. ನಡುಕಡಲಲ್ಲಿ ನಾನು ಆರಾಮಾಗಿ ಚಹಾ ಕುಡಿಯುತ್ತೇನೆ. ಎದೆ ಹೊಡೆದುಕೊಳ್ಳುವುದು ಊರು ಕಣ್ಣೆದುರಿಗೇ ಇರುವಾಗ, ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ.

ಮಲ್ಪೆಯಿಂದ ಮಂಗಳೂರಿಗೆ ಹೋಗುವ ಒಂದು ದಿನದ ಕತೆ ಹೇಳುತ್ತೇನೆ, ಆಗ ಗೊತ್ತಾಗುತ್ತದೆ. ಕಡಲಲ್ಲಿ ಇದು ಸುಮಾರು 31 ನಾಟಿಕಲ್ ಮೈಲಿ, ಅಂದರೆ 57 ಕಿಲೋಮೀಟರ್. ನಮ್ಮದು 26 ಅಡಿಯ ದೋಣಿ. ಗಂಟೆಗೆ ನಾಲ್ಕೈದು ಮೈಲಿ ಹೋದರೆ ಅದೇ ದೊಡ್ಡದು. ಹಾಗಾಗಿ ಗಾಳಿ ನಿಲ್ಲದಿದ್ದರೂ ಏಳೆಂಟು ಗಂಟೆ ಬೇಕು, ನಿಂತರೆ ಇನ್ನೂ ಹೆಚ್ಚು. ನಾವು ಹೋಗುವುದು ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮಾತ್ರ. ಮಳೆಗಾಲದ ಮಾತೇ ಬೇಡ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ.

ಬೆಳಗ್ಗೆ ಆರಕ್ಕೆ ಮಲ್ಪೆ ಬಿಡುತ್ತೇವೆ. ರಾತ್ರಿ ಕಡಲಿಗಿಂತ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೇ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನಾವು ತೆಂಕಕ್ಕೆ ಹೋಗುವವರು, ಗಾಳಿ ಎಡಗಡೆಯಿಂದ. ನೀರು ಸಪಾಟಾಗಿರುತ್ತದೆ. ಮಂಜು ಕಡಿಮೆ ಇದ್ದರೆ ಘಟ್ಟದ ಸಾಲು ಪೂರ್ತಿ ಕಾಣುತ್ತದೆ, ಕುದುರೆಮುಖಕ್ಕೆ ಆ ಹೆಸರು ಯಾಕೆ ಬಂತು ಅಂತ ಕಡಲಿನಿಂದಲೇ ನೋಡಬೇಕು. ಆಮೇಲೆ ಕಾಪು ದೀಪಸ್ತಂಭ, 1901ರದ್ದು. ಅದು ದಾಟಿದ ಮೇಲೆ ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರದ ಚಿಮಣಿ ತುಂಬ ಹೊತ್ತು ಜೊತೆಗೇ ಬರುತ್ತದೆ, ಎಷ್ಟು ಹೋದರೂ ಹಿಂದೆ ಸರಿಯುವುದಿಲ್ಲ ಅನಿಸುತ್ತದೆ.

ಹತ್ತು, ಹನ್ನೊಂದಕ್ಕೆ ಗಾಳಿ ಬೀಳುತ್ತದೆ. ಹಾಯಿ ಸುಮ್ನೆ ಜೋತಾಡುತ್ತದೆ. ಬನ್ಸ್ ತಿನ್ನುವ ಹೊತ್ತು ಅದು. ಅಷ್ಟರಲ್ಲಿ ನೆಲ ಕಾಯುತ್ತದೆ, ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಕಡಲಗಾಳಿ ಬರುತ್ತದೆ, ಬಲಭುಜದ ಹಿಂದಿನಿಂದ ದೂಡುತ್ತದೆ. (ವಾಪಸ್ ಬರುವಾಗ ಇದೇ ಗಾಳಿ ಎದುರು ನಿಲ್ಲುತ್ತದೆ, ಆ ದಿನ ಬಹಳ ಉದ್ದ.)

ದಾರಿಯಲ್ಲಿ ಭಯ ಇಲ್ಲವೇ ಇಲ್ಲ ಅಂತಲ್ಲ. ಇಬ್ಬರೇ ಇರುವಾಗ ಒಬ್ಬರು ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿಯುವುದು ಒಬ್ಬರೇ. ಅದಕ್ಕೇ ಲೈಫ್ ಜಾಕೆಟ್ ತೆಗೆಯುವುದಿಲ್ಲ, ಗಾಳಿ ಜೋರಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೇವೆ. ಪ್ರತಿ ಸಲ ಒಂದು ಸಿಪ್ಪೆ ಸುಲಿಯದ ತೆಂಗಿನಕಾಯಿ ಒಯ್ಯುತ್ತೇವೆ. ನನ್ನ ಗಂಡ ಹೇಳದೆ ಕೇಳದೆ ಅದನ್ನು ನೀರಿಗೆ ಎಸೆಯುತ್ತಾರೆ, ನಾನೊಬ್ಬಳೇ ದೋಣಿ ತಿರುಗಿಸಿ ಅದನ್ನು ಎತ್ತಬೇಕು. ಆಮೇಲೆ ನನ್ನ ಸರದಿ. ಅಲೆಗಳ ನಡುವೆ ತೆಂಗಿನಕಾಯಿ ಮನುಷ್ಯನ ತಲೆಯಷ್ಟೇ ಕಾಣುತ್ತದೆ, ಎರಡು ಸೆಕೆಂಡ್ ಕಣ್ಣು ತಪ್ಪಿಸಿದರೆ ಮಾಯ. ಮೊದಲ ಸಲ ನನಗೆ ಅದು ಸಿಗಲೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಬಲೆ ಎಳೆಯುವ ಬೋಟುಗಳಿಗೆ ನಾವೇ ದಾರಿ ಬಿಡಬೇಕು. ಇಂಜಿನ್ ಬೋಟು ಹಾಯಿದೋಣಿಗೆ ಬಿಡಬೇಕು ಅನ್ನುವುದು ನಿಯಮ, ಆದರೆ ಮೀನು ಹಿಡಿಯುತ್ತಿರುವವರ ಮುಂದೆ ಅದು ನಡೆಯುವುದಿಲ್ಲ. ನ್ಯಾಯವೇ ಅಲ್ವಾ? ಸುರತ್ಕಲ್ ದಾಟಿದ ಮೇಲೆ ಪಣಂಬೂರಿನ ಹೊರಗೆ ದೊಡ್ಡ ಹಡಗುಗಳು ಲಂಗರು ಹಾಕಿ ನಿಂತಿರುತ್ತವೆ. ಅವುಗಳ ದಾರಿಗೆ ಅಡ್ಡ ಹೋಗಬಾರದು, ಅಷ್ಟೇ.

ಇನ್ನು ಮಂಗಳೂರಿನ ಅಳಿವೆ. ನೇತ್ರಾವತಿ, ಗುರುಪುರ ಎರಡೂ ನದಿಗಳು ಇಲ್ಲೇ ಕಡಲಿಗೆ ಸೇರುತ್ತವೆ, ಹೊಯ್ಗೆ (ಮರಳು) ತಂದು ಹಾಕುತ್ತವೆ. ಇಳಿತದ ಹೊತ್ತಿಗೆ ನದಿ ನೀರು ಹೊರಗೆ ನುಗ್ಗುತ್ತದೆ, ತೆರೆ ಒಳಗೆ ನುಗ್ಗುತ್ತದೆ, ಕೆಳಗೆ ನೀರು ಕಮ್ಮಿ. ತೆರೆ ನೆಟ್ಟಗೆ ಎದ್ದು ಮುರಿಯುತ್ತದೆ. ಹಿಂದಿನಿಂದ ಹಿಡಿದರೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಕಡಲ ಕಡೆಯಿಂದ ನಮಗೆ ಕಾಣುವುದು ತೆರೆಯ ಬೆನ್ನು ಮಾತ್ರ, ಏನೂ ಇಲ್ಲ ಅನಿಸಿಬಿಡುತ್ತದೆ.

ಒಂದು ಜನವರಿಯಲ್ಲಿ ಗಾಳಿ ತುಂಬ ಚೆನ್ನಾಗಿತ್ತು, ಎರಡೂವರೆಗೇ ತಲುಪಿಬಿಟ್ಟೆವು. ತೊಂದರೆ ಆದದ್ದೇ ಅಲ್ಲಿ. ಇಳಿತ ಮುಗಿಯಲು ಇನ್ನೂ ಒಂದೂವರೆ ಗಂಟೆ ಇತ್ತು. ದೋಣಿ ಕಟ್ಟುವ ದಕ್ಕೆ ಅಲ್ಲೇ ಇದೆ, ಅಳಿವೆ ಪಕ್ಕದ ಬೆಂಗ್ರೆಯ ತೆಂಗಿನ ಮರ ಎಣಿಸಬಹುದು, ಇಬ್ಬರಿಗೂ ಸುಸ್ತು. ಅವರು "ಹೋಗೋಣ" ಅಂದರು. ನಾನು "ಬೇಡ" ಅಂದೆ. ನಮ್ಮಲ್ಲಿ ಒಂದು ಮಾತಿದೆ, ಯಾರಾದರೂ ಒಬ್ಬರು ಬೇಡ ಅಂದರೆ ಬೇಡ, ಕಾರಣ ಕೇಳುವಂತಿಲ್ಲ. ಅವರು ಕೇಳಲಿಲ್ಲ. ಮರಳಿ ಎರಡು ಮೈಲಿ ಹೊರಗೆ ಹೋದೆವು, ಯಾಕೆಂದರೆ ಆ ಗಾಳಿಗೆ ತೇಲಿದರೆ ದಡದ ಕಡೆಗೇ. ಮುಂದಿನ ಹಾಯಿಯನ್ನು ಗಾಳಿಗೆ ಉಲ್ಟಾ ಬಿಗಿದು, ಚುಕ್ಕಾಣಿಯನ್ನು ಅದರ ವಿರುದ್ಧ ಕಟ್ಟಿದರೆ ದೋಣಿ ಹೆಚ್ಚುಕಡಿಮೆ ನಿಂತಲ್ಲೇ ತೂಗುತ್ತದೆ. ಹಾಗೆ ಕೂತೆವು. ಅರ್ಧ ಗಂಟೆ ಅವರು ಮಾತಾಡಲಿಲ್ಲ. ಆಮೇಲೆ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಎರಡು ಲೋಟಕ್ಕೆ ಹಾಕಿದರು.

ಐದು ಗಂಟೆಗೆ ಉಬ್ಬರ ಹಿಡಿಯಿತು. ಇಂಜಿನ್ ಶುರು ಮಾಡಿ ಎರಡು ಕಲ್ಲುಗೋಡೆಗಳ ನಡುವೆ ನುಗ್ಗಿದೆವು. ಚುಕ್ಕಾಣಿ ನನ್ನ ಕೈಯಲ್ಲಿ, ಅವರು ಹಿಂದೆ ನೋಡುತ್ತಾ ತೆರೆ ಹೇಳುತ್ತಿದ್ದರು, "ಬಂತು, ನೇರ ಹಿಡಿ, ಹೋಯಿತು." ಆಮೇಲೆ ನೀರು ಒಮ್ಮೆಲೇ ಸಪಾಟಾಯಿತು. ಬೆಂಗ್ರೆಯಿಂದ ಬಂದರಿಗೆ ಜನ ದಾಟಿಸುವ ದೋಣಿ ನಮ್ಮೆದುರು ಅಡ್ಡ ಹೋಯಿತು, ಅದರಲ್ಲಿದ್ದ ಹೆಂಗಸರು ನಮ್ಮನ್ನೇ ನೋಡಿದರು. ದಕ್ಕೆಗೆ ಹಗ್ಗ ಎಸೆಯುವಾಗ ನನ್ನ ಕೈ ಇನ್ನೂ ನಡುಗುತ್ತಿತ್ತು.