ಬಲ ನಳಿಗೆಯ ಖೋಖಾ

ಹುಬ್ಬಳ್ಳಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಬಂದೂಕಿನವನು ನಾನು. ದುರ್ಗದಬೈಲಿನ ಕಡೆ ಓಡಾಡುವವರು ನನ್ನನ್ನು ನೋಡಿರಬಹುದು. ನೋಡಿದ್ದರೂ ನೆನಪಿರಲ್ಲ ಬಿಡಿ. ಜನ ಬಂದೂಕು ನೋಡುತ್ತಾರೆ, ಹಿಡಿದವನ ಮುಖ ನೋಡಲ್ಲ.

1995ರಲ್ಲಿ ಸೈನ್ಯ ಸೇರಿದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್‌ನಲ್ಲಿ ತರಬೇತಿ. 2012ರಲ್ಲಿ ಹವಾಲ್ದಾರನಾಗಿ ಪೆನ್ಷನ್ ಬಂದೆ. ಅದಾದ ಮೇಲೆ ಈ ಸ್ಟೂಲ್. ಅಲ್ಲಿ ಎಸ್‌ಎಲ್‌ಆರ್, ಇನ್ಸಾಸ್ ರೈಫಲ್, ಎಲ್‌ಎಂಜಿ ಅನ್ನುವ ಹಗುರ ಮಷಿನ್‌ಗನ್ ಎಲ್ಲ ಹಿಡಿದ ಕೈಗೆ ಇಲ್ಲಿ ಸಿಕ್ಕಿದ್ದು ಒಂದು ಹಳೇ ಜೋಡುನಳಿಗೆ. ಲೈಸೆನ್ಸ್ ಪುಸ್ತಕದಲ್ಲಿ ಅದರ ಹೆಸರು ಡಿಬಿಬಿಎಲ್ (ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್, ಅಂದರೆ ಹಿಂದಿನಿಂದ ಕಾಡತೂಸು ತುಂಬುವ ಜೋಡುನಳಿಗೆ), 12 ಬೋರ್.

12 ಬೋರ್ ಅಂದ್ರೆ ಏನ್ರೀ ಅಂತ ಪಾಸ್‌ಬುಕ್ ಎಂಟ್ರಿಗೆ ಕಾಯುವವರು ಕೇಳುತ್ತಾರೆ. ಬ್ರಿಟಿಷರ ಕಾಲದ ಲೆಕ್ಕ ಅದು. ಒಂದು ಪೌಂಡ್ ಸೀಸ, ಅಂದರೆ ಸುಮಾರು 454 ಗ್ರಾಂ ತಗೊಂಡು 12 ಸಮ ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಹದಿನೆಂಟೂವರೆ ಮಿಲಿಮೀಟರ್. ಹಾಗಾಗಿ 20 ಬೋರ್ ಬಂದೂಕಿನ ಬಾಯಿ ಇದಕ್ಕಿಂತ ಸಣ್ಣದು. ಇದನ್ನು ಹೇಳಿದರೆ ಯಾರೂ ನಂಬಲ್ಲ, ಸುಮ್ನೆ ನಗುತ್ತಾರೆ.

ಬ್ಯಾಂಕಿನ ಬಂದೂಕು ವರ್ಷಕ್ಕೆ ಒಂದೇ ಸಲ ಮಾತಾಡುವುದು. ವಾರ್ಷಿಕ ಫೈರಿಂಗ್ ದಿನ. ಹೋದ ಮಾರ್ಚ್‌ನಲ್ಲಿ ಊರ ಹೊರಗಿನ ರೇಂಜಿಗೆ ನಾವು ಬೇರೆ ಬೇರೆ ಬ್ಯಾಂಕಿನ ಗಾರ್ಡ್‌ಗಳು ಸೇರಿದ್ದೆವು. ಹೆಚ್ಚಿನವರು ನನ್ನ ಹಾಗೆ ಮಾಜಿ ಸೈನಿಕರೇ. ಬಿಸಿಲು ಏರುವ ಮೊದಲು ಮುಗಿಸಿ ಮಿರ್ಚಿ ತಿನ್ನೋಣ ಅನ್ನುವುದು ಎಲ್ಲರ ಲೆಕ್ಕ. ಪದ್ಧತಿ ಪ್ರಕಾರ ಸೊಂಟದ ಪಟ್ಟಾದಲ್ಲಿದ್ದ ಹಳೇ ಕಾಡತೂಸುಗಳನ್ನೇ ಹಾರಿಸಿ ಮುಗಿಸಬೇಕು, ಹೊಸವು ಆಮೇಲೆ ಬರುತ್ತವೆ. ನನಗೆ ಹತ್ತು.

ಮೂರನೇ ಜೋಡಿ. ಮುಂದಿನ ಕುದುರೆ (ಬೆರಳಿನಿಂದ ಎಳೆಯುವ ಟ್ರಿಗರ್) ಎಳೆದರೆ ಬಲ ನಳಿಗೆ, ಹಿಂದಿನದು ಎಳೆದರೆ ಎಡ. ಎರಡೂ ಎಳೆದೆ. ಅದೇ ಹೊತ್ತಿಗೆ ಪಕ್ಕದವನೂ ಹಾರಿಸಿದ. ಬಂದೂಕು ಮುರಿಯಲು ಹೋದರೆ (ಮುರಿಯುವುದು ಅಂದರೆ ನಮ್ಮ ಭಾಷೆಯಲ್ಲಿ ತೆರೆಯುವುದು, ಗಾಬರಿ ಬೇಡ) ಅರ್ಧಕ್ಕೆ ನಿಂತಿತು. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ. ಆಚೆಗೂ ಇಲ್ಲ, ಈಚೆಗೂ ಇಲ್ಲ.

ಪಕ್ಕದ ಹುಡುಗ ಹೊಸದಾಗಿ ಪೆನ್ಷನ್ ಬಂದವನು, ಕೈ ಬಲ ಇನ್ನೂ ಇದೆ.

"ಕಾಕಾ, ಮೊಣಕಾಲ ಮ್ಯಾಲ ಇಟ್ಟು ಒಂದ್ ಏಟ್ ಹಾಕ್ರಿ, ತಾನ ಬಿಚ್ಕೋತೈತಿ."

"ತಮ್ಮಾ, ಕೈ ತಗಿ. ಒಳಗ ಏನೈತಿ ಅಂತ ಮೊದ್ಲ ಗೊತ್ತಾಗ್ಲಿ."

ಖಾಲಿ ಖೋಖಾ, ಅಂದರೆ ಹಾರಿದ ಮೇಲೆ ಉಳಿಯುವ ಕಾಡತೂಸಿನ ಕೋಶ, ಸಿಕ್ಕಿಕೊಂಡಿದ್ದರೆ ಅದು ಬರೀ ಕಿರಿಕಿರಿ. ಹಾರದ ಕಾಡತೂಸು ಸಿಕ್ಕಿಕೊಂಡಿದ್ದರೆ ಅದು ಬೇರೆಯೇ ಮಾತು. ಪಕ್ಕದವನ ಸದ್ದಿನಲ್ಲಿ ನನ್ನ ಸದ್ದು ಕಲೆತುಹೋಗಿತ್ತು. ಭುಜಕ್ಕೆ ಎರಡು ಪೆಟ್ಟು ಬಿದ್ದ ನೆನಪು, ಆದರೆ ಆಣೆ ಮಾಡಿ ಹೇಳುವಷ್ಟು ಖಾತ್ರಿ ಇಲ್ಲ. ಬಿರುಕಿನಲ್ಲಿ ಇಣುಕಿದರೆ ಕ್ಯಾಪ್ ಮೇಲೆ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆಯ ಮೇಲೆ, ಬಂದೂಕಿನ ಪಿನ್ ಹೊಡೆದ ಗುರುತು ಕಾಣುತ್ತದೆ, ಸರಿ. ಆದರೆ ಪಿನ್ ಹೊಡೆದೂ ಮದ್ದು ಹತ್ತದೇ ಇರಬಹುದು. ಕೆಲವೊಮ್ಮೆ ತಡವಾಗಿ ಹತ್ತುತ್ತದೆ. ಅದಕ್ಕೇ ಬಾಯಿಯನ್ನು ಗುರಿಯ ದಿಕ್ಕಿಗೇ ಹಿಡಿದು ಕಾಯಬೇಕು. ಕನಿಷ್ಠ 30 ಸೆಕೆಂಡ್ ಅಂತಾರೆ. ನಾನು ಅರವತ್ತು ಎಣಿಸಿದೆ. ಹಿಂದಿನವರು ಗೊಣಗಿದರು, ಗೊಣಗಲಿ.

ಆಮೇಲೆ ನಿಧಾನಕ್ಕೆ ಒತ್ತಿದೆ. ಕಟ್ ಅಂತ ಸದ್ದಾಯಿತು, ಬಂದೂಕು ತೆರೆಯಿತು. ಎಡಗಡೆ ಖೋಖಾ ಕೈಗೆ ಬಂತು, ಬಲಗಡೆಯದು ಅಲ್ಲೇ. ಎಕ್ಸ್‌ಟ್ರಾಕ್ಟರ್ ಅಂದರೆ ಖೋಖಾದ ಬುಡದ ಅಂಚನ್ನು ಹಿಡಿದು ಮೇಲೆತ್ತುವ ಸಣ್ಣ ತುಂಡು. ಅದರದೇ ಅಂಚು ಸವೆದು, ಖೋಖಾದ ಅಂಚಿನ ಮೇಲಿಂದ ಜಾರಿಬಿಟ್ಟಿತ್ತು. ಇನ್ನು ಹಿಡಿಯಲು ಏನೂ ಇಲ್ಲ.

ನಳಿಗೆಗಳ ಕೆಳಗಿನ ಮುಂದಿನ ಕಟ್ಟಿಗೆ ಕಳಚಿ, ನಳಿಗೆಗಳನ್ನು ಹಿಡಿಕೆಯಿಂದ ಬೇರೆ ಮಾಡಿದೆ. ಈಗ ಹೊಡೆಯಲು ಪಿನ್ನೇ ಇಲ್ಲ, ಅರ್ಧ ಭಯ ಹೋಯಿತು. ಆದರೂ ಬಾಯಿಯ ಎದುರು ಮುಖ ಇಡಲಿಲ್ಲ. ಪಕ್ಕಕ್ಕೆ ನಿಂತು, ಬಾಯಿ ಕಡೆಯಿಂದ ಕ್ಲೀನಿಂಗ್ ರಾಡ್ ಅನ್ನು ಮೆಲ್ಲಗೆ ಒಳಗೆ ಬಿಟ್ಟೆ. ತಟ್ಟಿ ನಿಂತಲ್ಲಿ, ಬಾಯಿಯ ಅಂಚಿಗೆ ಸರಿಯಾಗಿ, ಪೆನ್ಸಿಲ್ ಗುರುತು. ರಾಡ್ ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದೆ. ಹಾರದ ಕಾಡತೂಸು ಇದ್ದರೆ ರಾಡ್ ಬುಡಕ್ಕೆ ಎರಡೂಕಾಲು ಇಂಚು ಮೊದಲೇ ನಿಲ್ಲುತ್ತದೆ, ಯಾಕಂದರೆ ಕಾಡತೂಸಿನ ಮಡಚಿದ ಬಾಯಿ ಅಲ್ಲೇ ಇರುತ್ತದೆ. ಖಾಲಿ ಇದ್ದರೆ ಖೋಖಾದ ಒಳಗೇ ಇಳಿದು ತಳಕ್ಕೆ ತಾಗುತ್ತದೆ. ನನ್ನದು ಬುಡಕ್ಕೆ ಅರ್ಧ ಇಂಚು ಉಳಿಸಿ ನಿಂತಿತ್ತು. ಖಾಲಿ. ಇದು ಹಾರದ ಕಾಡತೂಸು ಆಗಿದ್ದರೆ ನಾನು ಅಲ್ಲಿಗೇ ಕೈ ಬಿಟ್ಟು, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಕಳಿಸುತ್ತಿದ್ದೆ. ಮುಂದಿನಿಂದ ಕುಟ್ಟುವ ಮಾತೇ ಇಲ್ಲ.

ಖೋಖಾದ ಬುಡದ ಸುತ್ತ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಚಹಾ ಕುಡಿದೆವು. ಎಣ್ಣೆಗೆ ಒಳಗಿಳಿಯಲು ಟೈಮ್ ಕೊಡಬೇಕು. ಕುಟ್ಟಲು ಕ್ಲೀನಿಂಗ್ ರಾಡ್ ಆಗಲ್ಲ. ಅದು ಮೂರು ತುಂಡಿನದು, ಜೋಡಣೆಯಲ್ಲೇ ಮುರಿಯುತ್ತದೆ. ಕಬ್ಬಿಣದ ಸಲಾಕೆಯಂತೂ ಬೇಡವೇ ಬೇಡ, ಒಳಗೆ ಗೀರು ಬೀಳುತ್ತದೆ. ಟಾರ್ಗೆಟ್ ನಿಲ್ಲಿಸಲು ತಂದಿದ್ದ ಒಂದು ಕಟ್ಟಿಗೆ ಕೋಲು ಸಿಕ್ಕಿತು. ಆ ಹುಡುಗನೇ ಚಾಕುವಿನಿಂದ ಕೆತ್ತಿ ತುದಿ ಸಪಾಟು ಮಾಡಿಕೊಟ್ಟ. ಸಣಕಲು ಕೋಲಾದರೆ ಒಳಗೆ ಓರೆಯಾಗುತ್ತದೆ, ನಳಿಗೆಗೆ ಹತ್ತಿರದ ದಪ್ಪ ಇರಬೇಕು. ಬಾಯಿಯಿಂದ ಇಳಿಸಿ, ಅಂಗೈಯಿಂದ ತಟ್ಟಿದೆ. ಒಂದು, ಎರಡು. ಮೂರನೆಯದಕ್ಕೆ ಟಪ್ ಅಂತ ಬಂದು ಮಣ್ಣಲ್ಲಿ ಬಿತ್ತು.

ನಿಜವಾದ ಕಥೆ ಆ ಖೋಖಾದ ಮೇಲೆ ಬರೆದಿತ್ತು. ಹಿತ್ತಾಳೆ ಬುಡದ ಸುತ್ತ ಹಸಿರು ಕಿಲುಬು. ಪೂಜೆಯ ತಂಬಿಗೆ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದರೆ ಹಿಡಿಯುತ್ತದಲ್ಲ, ಅದೇ. ನಳಿಗೆಯಲ್ಲಿ ಬೆರಳಿಗೆ ಚಿಂದಿ ಸುತ್ತಿ ತಿರುಗಿಸಿದರೆ ಚಿಂದಿಯೂ ಹಸಿರು, ಜೊತೆಗೆ ತುಕ್ಕಿನ ಕಂದು.

ಹಾರಿದಾಗ ಖೋಖಾ ಉಬ್ಬಿ ಚೇಂಬರ್ (ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ) ಗೋಡೆಗೆ ಅಂಟಿಕೊಳ್ಳುತ್ತದೆ. ಉಬ್ಬಲೇಬೇಕು, ಇಲ್ಲದಿದ್ದರೆ ಬಿಸಿ ಗಾಳಿ ಹಿಂದೆ ನುಗ್ಗುತ್ತದೆ. ಒತ್ತಡ ಇಳಿದ ಕೂಡಲೇ ಕೂದಲೆಳೆಯಷ್ಟು ಕುಗ್ಗಿ ಗೋಡೆ ಬಿಡುತ್ತದೆ. ಗೋಡೆ ನುಣುಪಾಗಿದ್ದರೆ ಮಾತ್ರ. ತುಕ್ಕು ತಿಂದ ಗುಂಡಿ ಇದ್ದರೆ, ಮೇಲೆ ಕಿಲುಬು ಬೇರೆ ಇದ್ದರೆ, ಉಬ್ಬಿದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ.

ಕಿಲುಬು ಬಂದಿದ್ದು ಎಲ್ಲಿಂದ? ನನ್ನ ಸೊಂಟದಿಂದ. ಚರ್ಮದ ಪಟ್ಟಾ. ಚರ್ಮ ಹದ ಮಾಡುವಾಗಿನ ಹುಳಿ ಅಂಶ ಅದರಲ್ಲಿ ಉಳಿದಿರುತ್ತದೆ, ನಮ್ಮ ಬೆವರು ಮತ್ತು ಮಳೆಗಾಲದ ತೇವ ಅದಕ್ಕೆ ಕೂಡುತ್ತದೆ, ಹಿತ್ತಾಳೆ ಹಸಿರಾಗುತ್ತದೆ. ಪಟ್ಟಾ ಬೇಟೆಗೆ ಹೋಗುವವರು ಒಂದು ದಿನ ಕಟ್ಟಲು ಮಾಡಿದ್ದು. ನಾವು ಅದೇ ಕಾಡತೂಸನ್ನು ಅದೇ ತೂತಿನಲ್ಲಿ ವರ್ಷಪೂರ್ತಿ ಇಡುತ್ತೇವೆ. ದಿನಾ ಬೆಳಿಗ್ಗೆ ಬಂದೂಕಿನ ಹೊರಗನ್ನು ಎಣ್ಣೆ ಹಚ್ಚಿ ಫಳಫಳ ಮಾಡುತ್ತಿದ್ದ ನಾನು, ಕಾಡತೂಸು ಹೊರಗೆಳೆದು ನೋಡಿದ್ದೇ ಇಲ್ಲ. ಸೈನ್ಯದಲ್ಲಿ ಎಲ್‌ಎಂಜಿಗೆ ಖೋಖಾ ಹರಿದು ಒಳಗೆ ಉಳಿದರೆ ತೆಗೆಯಲು ಕ್ಲಿಯರಿಂಗ್ ಪ್ಲಗ್ ಇರುತ್ತಿತ್ತು. ರೋಕ್ ಬಂದರೆ ಫೌರಿ ಇಲಾಜ್ ಏನು, ಅಂದರೆ ಬಂದೂಕು ನಿಂತುಬಿಟ್ಟರೆ ಕೂಡಲೇ ಏನು ಮಾಡಬೇಕು ಅಂತ ತರಬೇತಿ ಕೊಡುವ ಉಸ್ತಾದರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಅಂಥವನಿಗೆ ಇದು ಹೊಳೆಯಲಿಲ್ಲ, ನಾಚಿಕೆಯ ವಿಷಯವೇ.

ಉಳಿದ ನಾಲ್ಕು ಕಾಡತೂಸು ನಾನು ಹಾರಿಸಲಿಲ್ಲ, ಕಿಲುಬು ಹಿಡಿದಿದೆ ಅಂತ ಬರೆಸಿ ವಾಪಸ್ ಒಪ್ಪಿಸಿದೆ. ಆರು ಖೋಖಾ, ನಾಲ್ಕು ಜೀವಂತ, ಲೆಕ್ಕ ಸರಿ. ಬಂದೂಕನ್ನು ಮರುವಾರ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿದೆವು. ರಿಪೇರಿಗೂ ಲೈಸೆನ್ಸ್ ಬೇಕು, 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ, ಪರಿಚಯದ ಲೇತ್ ಅಂಗಡಿಗೆ ಒಯ್ಯುವ ಹಾಗಿಲ್ಲ. ಅವರು ಚೇಂಬರ್ ಉಜ್ಜಿ ನಯ ಮಾಡಿ, ಎಕ್ಸ್‌ಟ್ರಾಕ್ಟರ್‌ನ ಅಂಚು ಸರಿ ಮಾಡಿಕೊಟ್ಟರು.

ಮನೆಯಲ್ಲಿ ಈ ಕಥೆ ಹೇಳಿದೆ. "ಹುಣಸಿಹಣ್ಣ ಹಚ್ಚಿ ತಿಕ್ಕಬೇಕಿತ್ರಿ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂಡ್ರಿ?" ಅಂದಳು ಹೆಂಡತಿ. ತಂಬಿಗೆಗೆ ಸರಿ, ಕಾಡತೂಸಿಗೆ ಹುಳಿ ಮುಟ್ಟಿಸಬಾರದು, ಹಿತ್ತಾಳೆ ಇನ್ನಷ್ಟು ಕೆಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸ ಕಾಡತೂಸುಗಳು ಈಗ ಅವುಗಳ ಡಬ್ಬಿಯಲ್ಲೇ ಇವೆ, ಸ್ಟ್ರಾಂಗ್ ರೂಮಿನಲ್ಲಿ. ಡ್ಯೂಟಿಗೆ ಬೇಕಾದಷ್ಟು ಮಾತ್ರ ತೆಗೆಯುತ್ತೇನೆ, ಸಂಜೆ ಒರೆಸಿ ಇಡುತ್ತೇನೆ. ಮ್ಯಾನೇಜರ್ ಮೈಸೂರಿನ ಕಡೆಯವರು. ಎರಡು ದಿನ ನೋಡಿ ಕೇಳಿದರು, "ಏನ್ರೀ ಇದು, ಪಟ್ಟಾ ಖಾಲಿ ಖಾಲಿ ಕಾಣ್ಸುತ್ತೆ? ಕಸ್ಟಮರ್‌ಗಳು ಏನಂದ್ಕೋತಾರೆ?" ಕಿಲುಬಿನ ಕಥೆ ಪೂರ್ತಿ ಹೇಳಿದೆ. ಕ್ಯಾನ್ವಾಸ್ ಪಟ್ಟಾ ತಗೊಳ್ಳಿ, ಬಿಲ್ ಕೊಡಿ ಅಂದರು. ತಗೊಂಡೆ, ಬಿಲ್ ಕೊಟ್ಟೆ. ಅದಿನ್ನೂ ಪಾಸಾಗಿಲ್ಲ.